10ಕೆ (10 ಕಿ.ಮೀ. ಓಟ) ಆಯ್ತು. ಮುಂದೆ ಹಾಫ್ (21 ಕಿ.ಮೀ.) ಓಡಲಾ, ನೇರ ಮುಂಬೈ ಫುಲ್‌ಗೇ (42 ಕಿ.ಮೀ.) ಹೋಗಲಾ?

ಅಮಾನಿಕೆರೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 41, ಬ್ಯಾಂಕ್ ಕೆಲಸ, ತೂಕ 78. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೆದರಿಸಿದ ಮೇಲೆ ವಾಕಿಂಗ್ ಶುರು ಮಾಡಿದೆ. ಅದು ಹಾಗೇ ಓಟಕ್ಕೆ ತಿರುಗಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಡಿದೆ, 64 ನಿಮಿಷ.

ಈಗ ಆಫೀಸಿನ ಗೆಳೆಯರು ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಡು ಅಂತ ದುಂಬಾಲು ಬಿದ್ದಿದ್ದಾರೆ. ಅದೂ ಫುಲ್. "ಇನ್ನೂ ಏಳು ತಿಂಗಳಿದೆ, ಸಾಕಲ್ವಾ" ಅನ್ನುತ್ತಾರೆ. ನನಗೆ ಆಸೆ ಇದೆ, ಧೈರ್ಯ ಇಲ್ಲ. ಮೊದಲು ಒಂದು ಹಾಫ್ ಮಾಡೋಣ ಅಂದರೆ ಯಾವುದು? ಬೆಂಗಳೂರು ಮ್ಯಾರಥಾನ್‌ನ ಹಾಫ್, ಕಾವೇರಿ ಟ್ರೇಲ್, ಮೈಸೂರು, ಎಲ್ಲರೂ ಒಂದೊಂದು ಹೇಳುತ್ತಾರೆ.

ವಾರಕ್ಕೆ ಐದು ದಿನ ಓಡುತ್ತೇನೆ. ದಿನಾ 6-7 ಕಿ.ಮೀ., ಪೇಸ್ (ವೇಗ) ಕಿ.ಮೀ.ಗೆ 6:20 (6 ನಿಮಿಷ 20 ಸೆಕೆಂಡ್) ಆಸುಪಾಸು. ಹೆಚ್ಚಾಗಿ ಅಮಾನಿಕೆರೆ ದಂಡೆ, ಒಮ್ಮೊಮ್ಮೆ ಸ್ಟೇಡಿಯಂ. ಅಲ್ಲಿ ಪೊಲೀಸ್ ಭರ್ತಿಗೆ 1600 ಮೀಟರ್ ಪ್ರಾಕ್ಟೀಸ್ ಮಾಡುವ ಹುಡುಗರಿರುತ್ತಾರೆ. ಅವರ ಹಿಂದೆ ನಾನೂ ಒಂದೆರಡು ಸುತ್ತು ಹೊಡೆಯುತ್ತೇನೆ. ಭಾನುವಾರ ರಜೆ.

ಇನ್ನೊಂದು ವಿಷಯ. ಬಲಗಾಲಿನ ಮೊಣಕಾಲ ಕೆಳಗೆ, ಮೂಳೆಯ ಒಳಬದಿಗೆ ಸ್ವಲ್ಪ ನೋವಿದೆ. ಓಡುವಾಗ ಮೊದಲ ಎರಡು ಕಿ.ಮೀ. ಜಾಸ್ತಿ, ಆಮೇಲೆ ಮರೆತುಹೋಗುತ್ತದೆ. ಶೂ ಬದಲಾಯಿಸಬೇಕಾ?

ನಿಧಾನವೇ_ಪ್ರಧಾನ (ಬೆಂಗಳೂರು)

ಸ್ವಾಗತ ಸರ್. ಶೂ ಆಮೇಲೆ ನೋಡೋಣ, ಮೊದಲು ನಿಮ್ಮ ಲೆಕ್ಕ ನೋಡಿ. 10ಕೆ 64 ನಿಮಿಷ ಅಂದರೆ ಕಿ.ಮೀ.ಗೆ 6:24. ದಿನಾ ಓಡುವುದು 6:20. ಅಂದರೆ ವಾರದಲ್ಲಿ ಐದು ದಿನ ನೀವು ರೇಸ್ ಓಡುತ್ತಿದ್ದೀರಿ! ಅದರ ಮೇಲೆ ಇಪ್ಪತ್ತು ವರ್ಷದ ಹುಡುಗರ ಹಿಂದೆ ಬೇರೆ. ಕಾಲು ನೋಯದೆ ಇನ್ನೇನಾಗಬೇಕು?

ಮೂರು ಓಟವನ್ನು 7:30ರಿಂದ 8:00ಕ್ಕೆ ಇಳಿಸಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅದೇ ಅಳತೆ. ಒಂದು ದಿನ ಮಾತ್ರ ಜೋರಾಗಿ ಓಡಿ. ಭಾನುವಾರದ ರಜೆಯನ್ನು ಸೋಮವಾರಕ್ಕೆ ತಳ್ಳಿ, ಭಾನುವಾರ ಲಾಂಗ್ ರನ್ ಮಾಡಿ. ಈಗ 8 ಕಿ.ಮೀ.ನಿಂದ ಶುರು ಮಾಡಿ ವಾರಕ್ಕೊಂದು ಕಿ.ಮೀ. ಏರಿಸಿ. ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ. ಅಷ್ಟೇ. ಇದಕ್ಕಿಂತ ದೊಡ್ಡ ಗುಟ್ಟು ಯಾವ ಕೋಚ್ ಹತ್ತಿರವೂ ಇಲ್ಲ.

ಸುಮ್ನೆ_ಕೇಳ್ದೆ

8 ನಿಮಿಷಕ್ಕೆ ಒಂದು ಕಿ.ಮೀ. ಅಂದ್ರೆ ಅದು ಓಟಾನಾ? ನಮ್ಮ ಬೀದಿಯ ಅಜ್ಜ ಹಾಲು ತರಲು ಅದಕ್ಕಿಂತ ಬೇಗ ಹೋಗುತ್ತಾರೆ.

ನಿಧಾನವೇ_ಪ್ರಧಾನ

ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ ಫುಲ್ ಅನ್ನು 2:01:09ಕ್ಕೆ ಮುಗಿಸಿದಾಗ ಪೇಸ್ ಕಿ.ಮೀ.ಗೆ 2:52. ಅದೇ ಮನುಷ್ಯ ಕೀನ್ಯಾದಲ್ಲಿ ಈಸಿ ರನ್ ಮಾಡುವಾಗ ನಾಲ್ಕು ನಿಮಿಷದ ಆಚೆಗೇ ಇರುತ್ತಾರೆ. ಅವರಿಗೆ ನಾಚಿಕೆ ಇಲ್ಲ, ನಮಗ್ಯಾಕೆ?

ಸುಮ್ನೆ_ಕೇಳ್ದೆ

ಅವರು ಕಿಪ್ಚೋಗೆ. ನಾವು ತುಮಕೂರು.

ಮೂಳೆ_ಮಾಂಸ (ಫಿಸಿಯೋಥೆರಪಿಸ್ಟ್)

ಅಮಾನಿಕೆರೆ ಅವರೇ, ನೋವಿನ ಜಾಗವನ್ನು ಹೆಬ್ಬೆರಳಲ್ಲಿ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಮೂಳೆಯ ಒಳ ಅಂಚಿನಲ್ಲಿ ನಾಲ್ಕೈದು ಬೆರಳಗಲ ಉದ್ದಕ್ಕೂ ನೋವು ಹರಡಿದ್ದರೆ ಅದು ಸಾಮಾನ್ಯ ಶಿನ್ ಸ್ಪ್ಲಿಂಟ್. ಭಾರ ಇಳಿಸಿದರೆ ಹೋಗುತ್ತದೆ. ಆದರೆ ಒಂದೇ ಚುಕ್ಕೆಯಂಥ ಜಾಗದಲ್ಲಿ, ಬೆರಳಿಟ್ಟ ತಕ್ಷಣ ಹೌಹಾರುವಂತೆ ನೋವಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಅದು ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು. ಎಕ್ಸ್‌ರೇಯಲ್ಲಿ ಮೊದಲ ವಾರಗಳಲ್ಲಿ ಅದು ಕಾಣಿಸದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆ. "ಎಕ್ಸ್‌ರೇ ಕ್ಲಿಯರ್ ಇದೆ" ಅಂತ ವಾಪಸ್ ಓಡಲು ಹೋದವರನ್ನು ನಾನು ತುಂಬಾ ನೋಡಿದ್ದೇನೆ.

ಶಿನ್ ಸ್ಪ್ಲಿಂಟ್ ಆಗಿದ್ದರೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿ. ಮಂಡಿ ನೇರ ಇಟ್ಟು ಒಂದು ಸರದಿ, ಸ್ವಲ್ಪ ಬಗ್ಗಿಸಿ ಇನ್ನೊಂದು ಸರದಿ. ಬಗ್ಗಿಸಿ ಮಾಡುವುದನ್ನು ಜನ ಬಿಟ್ಟುಬಿಡುತ್ತಾರೆ. ಓಟದ ಭಾರ ಹೊರುವ ಒಳಗಿನ ಮೀನಖಂಡಕ್ಕೆ ಕೆಲಸ ಕೊಡುವುದು ಅದೇ. ಇಳಿಸುವಾಗ ಮೂರು ಎಣಿಸಿ, ನಿಧಾನ.

ಇನ್ನೊಂದು ಮಾತು, ಇದು ಎಲ್ಲರಿಗೂ. ಓಡುವ ಮುಂಚೆ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಎಲ್ಲ ಬೆವರಿ ಒಣಗಿದ ಮೈಯಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಅಮಾನಿಕೆರೆ

ಒತ್ತಿ ನೋಡಿದೆ. ಹರಡಿಕೊಂಡಿದೆ, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ರಾತ್ರಿ ನೋವಿಲ್ಲ. ಸದ್ಯ!

ಉಣಕಲ್_ಹುಡುಗ (ಹುಬ್ಬಳ್ಳಿ)

ಎಲ್ಲಾರೂ ನಿಧಾನ ನಿಧಾನ ಅಂತ ಹೆದರಸಬ್ಯಾಡ್ರಿ. ಜೂನ್‌ನಿಂದ ಜನವರಿ ಮೂರನೇ ಭಾನುವಾರದ ತನಕ ಮೂವತ್ತು ವಾರಕ್ಕೂ ಜಾಸ್ತಿ ಇದೆ. ಸಾಮಾನ್ಯವಾಗಿ ಫುಲ್‌ಗೆ 16 ಇಲ್ಲ 18 ವಾರದ ಪ್ಲಾನ್. ಮೊದಲ ಮೂರು ತಿಂಗಳು ಬುನಾದಿ, ಸೆಪ್ಟೆಂಬರ್‌ನಲ್ಲಿ ಒಂದು ಹಾಫ್, ಆಮೇಲೆ ಫುಲ್ ಪ್ಲಾನ್. ಭಾಳ ಚಲೋ ಕೂಡುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು 50 ದಾಟಿದ ಮೇಲೆ ಶುರು ಮಾಡಿ ಮುಂದಿನ ವರ್ಷವೇ ಮುಂಬೈ ಮುಗಿಸಿದರು. ಮನಸ್ಸು ಇರಬೇಕು ನೋಡ್ರಿ.

ಏರು ಬೇಕಂದ್ರ ದೇವರಾಯನದುರ್ಗ ನಿಮ್ಮ ಬಾಗಿಲಲ್ಲೇ ಇದೆ. ನಮಗೆ ಇಲ್ಲಿ ನೃಪತುಂಗ ಬೆಟ್ಟ. ವಾರಕ್ಕೊಮ್ಮೆ ಏರು ಓಡಿದರೆ ಮುಂಬೈ ಓಟದ ಪೆಡ್ಡರ್ ರೋಡ್ ಏರು ಏನೂ ಅಲ್ಲ.

ನಿಧಾನವೇ_ಪ್ರಧಾನ

ಶಿನ್ ಸ್ಪ್ಲಿಂಟ್ ಇರುವವರಿಗೆ ದೇವರಾಯನದುರ್ಗ ಹತ್ತಿ ಅನ್ನುತ್ತೀರಲ್ಲ, ಪುಣ್ಯಾತ್ಮರೇ! ಹತ್ತುವುದು ಬಿಡಿ, ಇಳಿಯುವಾಗ ಏನು ಗತಿ?

ಉಣಕಲ್_ಹುಡುಗ

ನೋವು ಹೋದ ಮೇಲೆ ಅಂದೆ ರೀ. ಓದ್ರಿ ಪೂರ್ತಿ.

ನಿಧಾನವೇ_ಪ್ರಧಾನ

ಪೂರ್ತಿ ಓದಿದೆ. "ನೋವು ಹೋದ ಮೇಲೆ" ಅನ್ನುವುದು ಎಲ್ಲೂ ಇಲ್ಲ. 🙂

ಕಡಲ_ಗಾಳಿ (ಮಂಗಳೂರು)

ಮುಂಬೈ ಬಗ್ಗೆ ಬೆಂಗಳೂರು ಕಡೆಯವರು ಒಂದು ವಿಷಯ ಮರೆಯುತ್ತೀರಿ ಮಾರಾಯ್ರೆ. ಸೆಕೆ. ನೀವು ಇರುವುದು ಸಮುದ್ರಮಟ್ಟದಿಂದ ಎಂಟುನೂರು-ಒಂಬೈನೂರು ಮೀಟರ್ ಮೇಲೆ, ಒಣ ಗಾಳಿಯಲ್ಲಿ. ಮುಂಬೈನಲ್ಲಿ ಜನವರಿ ಅಂದರೂ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಅದೇ ಪೇಸ್‌ಗೆ ಎದೆಬಡಿತ ಹತ್ತು-ಹದಿನೈದು ಜಾಸ್ತಿ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಕತ್ತಲಲ್ಲಿ ಹೊರಡುವಾಗ ಹಾಯಾಗಿರುತ್ತದೆ. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ದಾಟುವಾಗ ಫೋಟೋ ತೆಗೆಯುವಷ್ಟು ಖುಷಿ. 30 ಕಿ.ಮೀ. ದಾಟಿದ ಮೇಲೆ ಬಿಸಿಲು ಏರುತ್ತದೆ. ಆಮೇಲೆ ಆ ಪೆಡ್ಡರ್ ರೋಡ್ ಬರುತ್ತದೆ. ಏರು ದೊಡ್ಡದೇನಲ್ಲ, ಬರುವ ಹೊತ್ತು ಕೆಟ್ಟದ್ದು.

ನಮ್ಮೂರಲ್ಲಿ ಏಪ್ರಿಲ್-ಮೇ ತಿಂಗಳು ಓಡಿದವನಿಗೆ ಮುಂಬೈ ಎಸಿ ಹಾಕಿದ ಹಾಗೆ ಇರುತ್ತದೆ. 😄

ಗಡಿಯಾರ_ಪ್ರೇಮಿ

ಎದೆಬಡಿತದ ಮಾತು ಬಂತಲ್ಲ. ಅಮಾನಿಕೆರೆ ಸರ್ ಹತ್ತಿರ ವಾಚ್ ಇದೆಯಾ? 41 ವಯಸ್ಸು, 220ರಲ್ಲಿ ಕಳೆದರೆ 179 ಗರಿಷ್ಠ. ಈಸಿ ರನ್ 130-135 ಒಳಗೆ ಇರಬೇಕು. ವಾಚ್ ಇಲ್ಲದೆ ಟ್ರೇನಿಂಗ್ ಅಂದರೆ ಕಣ್ಣು ಮುಚ್ಚಿ ಓಡಿದ ಹಾಗೆ.

ಪೇಸರ್_ಅಣ್ಣ

220 ಮೈನಸ್ ವಯಸ್ಸು ಒಂದು ಅಂದಾಜು ಅಷ್ಟೇ. ಹತ್ತು-ಹನ್ನೆರಡು ಬಡಿತ ಆಚೆ ಈಚೆ ಇರುವುದು ಮಾಮೂಲು. ಅದನ್ನೇ ಹಿಡಿದು ಝೋನ್ 2 (ಕಮ್ಮಿ ಎದೆಬಡಿತದ ಓಟ) ಅಂತ ಜಪ ಮಾಡಬೇಡಿ. ಇನ್ನು ಕೈಗೆ ಕಟ್ಟುವ ವಾಚ್ ಕಾಲಿನ ಹೆಜ್ಜೆಯನ್ನೇ ನಾಡಿ ಅಂತ ಎಣಿಸುವುದು ಉಂಟು. ನಿಮಿಷಕ್ಕೆ 170 ಹೆಜ್ಜೆ ಹಾಕುತ್ತಿದ್ದರೆ ಬಡಿತವೂ 170 ಅಂತ ತೋರಿಸುತ್ತದೆ. ನೀವು ಆರಾಮಾಗಿ ಮಾತಾಡುತ್ತಾ ಓಡುತ್ತಿರುತ್ತೀರಿ, ವಾಚ್ ಮಾತ್ರ ಆಂಬುಲೆನ್ಸ್ ಕರೆಯುವ ಹಾಗೆ ಕೂಗುತ್ತಿರುತ್ತದೆ. ಸರಿಯಾದ ಸಂಖ್ಯೆ ಬೇಕಿದ್ದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಇಲ್ಲದಿದ್ದರೆ ಮಾತಾಡಿ ನೋಡುವ ಪರೀಕ್ಷೆಯೇ ಸಾಕು.

ಗಡಿಯಾರ_ಪ್ರೇಮಿ

ನನ್ನ ವಾಚ್ ಹಾಗಲ್ಲ.

ಪೇಸರ್_ಅಣ್ಣ

ಎಲ್ಲರೂ ಹಾಗೇ ಹೇಳುವುದು.

ಕುಕ್ಕರಹಳ್ಳಿ (ಮೈಸೂರು)

ರೇಸ್ ಆಯ್ಕೆ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ.

ಕಾವೇರಿ ಟ್ರೇಲ್ ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟು ಕಡೆ ನಾಲೆಯ ಏರಿ ಮೇಲೆ. ಸಾಮಾನ್ಯವಾಗಿ ಸೆಪ್ಟೆಂಬರ್. ಮಣ್ಣಿನ ದಾರಿ, ಹೆಚ್ಚು ಏರಿಳಿತ ಇಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಕಾಲಿಗೆ ಡಾಂಬರಿಗಿಂತ ಮೆತ್ತಗೆ. ಆದರೆ ಎರಡು ವಿಷಯ ನೆನಪಿಡಿ. ಹೋದ ದಾರಿಯಲ್ಲೇ ವಾಪಸ್ ಬರಬೇಕು, ನೆರಳು ಕಮ್ಮಿ. ಎಂಟೂವರೆ ಮೇಲೆ ಬಿಸಿಲು ನೆತ್ತಿಗೆ ಹೊಡೆಯುತ್ತದೆ. ಮಳೆ ಬಂದಿದ್ದರೆ ಜೇಡಿಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದು ಕೆ.ಜಿ. ಟೈಮಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳದೆ ಮೊದಲ ಹಾಫ್ ಓಡುವವರಿಗೆ ಇದಕ್ಕಿಂತ ಚೆನ್ನಾಗಿರುವುದು ನಮ್ಮ ಸೀಮೆಯಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೈದರೂ ಪರವಾಗಿಲ್ಲ.

ಬೆಂಗಳೂರು ಮ್ಯಾರಥಾನ್ ನಗರದ ರಸ್ತೆಯಲ್ಲಿ. ಜನ ಜಾಸ್ತಿ, ಪೇಸರ್‌ಗಳಿರುತ್ತಾರೆ (ಗೊತ್ತಾದ ಸಮಯಕ್ಕೆ ಮುಗಿಸಲು ಜೊತೆಗೆ ಓಡುವವರು), ನೀರು ಸರಿಯಾಗಿ ಸಿಗುತ್ತದೆ. ಫ್ಲೈಓವರ್, ಏರು ಇಳಿವು ಎಲ್ಲ ಇದೆ. ನಾಳೆ ಮುಂಬೈಗೆ ಟೈಮಿಂಗ್ ಸರ್ಟಿಫಿಕೇಟ್ ಬೇಕು ಅಂದರೆ ಇಂಥ ಸಮಯ ಅಳೆಯುವ ಚಿಪ್ ಇರುವ ರಸ್ತೆ ಓಟವೇ ವಾಸಿ. ಮುಂಬೈಯವರು ಹಿಂದಿನ ಟೈಮಿಂಗ್ ಕೇಳುತ್ತಾರೆ. ಹೆಸರು ಕೊಡುವ ಮುಂಚೆ ಆ ವರ್ಷದ ನಿಯಮ ಓದಿಕೊಳ್ಳಿ. ನಿಮ್ಮ ಗೆಳೆಯರು ಇದನ್ನು ಹೇಳಿದರಾ?

ಅಮಾನಿಕೆರೆ

ಇಲ್ಲ ಮೇಡಂ. ಹೇಳಲಿಲ್ಲ. ಅವರಲ್ಲಿ ಇಬ್ಬರು ಇನ್ನೂ 5ಕೆ ಕೂಡ ಓಡಿಲ್ಲ, ಈಗ ಗೊತ್ತಾಯ್ತು.

ಸುಮ್ನೆ_ಕೇಳ್ದೆ

😂😂 ನಮ್ಮ ಆಫೀಸಿನಲ್ಲೂ ಇದೇ ಥರದ ಗೆಳೆಯರು.

ಜಿಗಣೆ_ಕಡಿತ (ಚಿಕ್ಕಮಗಳೂರು)

ರಸ್ತೆ ಬಿಡಿ, ಕಾಡಿಗೆ ಬನ್ನಿ. ಮಲ್ನಾಡ್ ಅಲ್ಟ್ರಾ ನೋಡಿ. ಕಾಫಿ ತೋಟದ ಒಳಗೆ 50 ಕಿ.ಮೀ., 80 ಕಿ.ಮೀ. ಏರಿನಲ್ಲಿ ಎಲ್ಲರೂ ನಡೆಯುತ್ತಾರೆ, ಮರ್ಯಾದೆ ಪ್ರಶ್ನೆಯೇ ಇಲ್ಲ. ನಿಂತು ತಿನ್ನುತ್ತಾ ಹೋಗಬಹುದು.

ಪೇಸರ್_ಅಣ್ಣ

ಹಾಫ್ ಓಡಲಾ ಅಂತ ಕೇಳಿದವರಿಗೆ 50 ಕಿ.ಮೀ. ಹೇಳುತ್ತಿದ್ದೀರಿ.

ಜಿಗಣೆ_ಕಡಿತ

ಮುಂದೆ ಯಾವತ್ತಾದ್ರೂ ಅಂದೆ. ಉಪ್ಪು, ಸುಣ್ಣ ಜೇಬಲ್ಲಿಟ್ಟುಕೊಂಡು ಬನ್ನಿ ಅಂತಲೂ ಹೇಳಬೇಕಿತ್ತು.

ಸುಮ್ನೆ_ಕೇಳ್ದೆ

ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಸಾವಿರ, ಎರಡು ಸಾವಿರ ರೂಪಾಯಿ ಕೊಟ್ಟು, ದಿನಾ ಓಡಾಡುವ ರಸ್ತೆಯಲ್ಲೇ ಓಡಬೇಕಾ? ಒಂದು ಟೀಶರ್ಟು, ಒಂದು ತಗಡಿನ ಮೆಡಲ್ಲು. ನಾನು ದಿನಾ ಬಿಟ್ಟಿ ಓಡುತ್ತೇನೆ, ನನಗೂ ಅದೇ ಬೆವರು.

ಕಡಲ_ಗಾಳಿ

ಮಾರಾಯ್ರೆ, ಅದು ಸರಿಯಾದ ಪ್ರಶ್ನೆಯೇ. ಎಲ್ಲ ರೇಸ್ ಒಂದೇ ಅಲ್ಲ. ಹಿಂದೆ ನಾನು ಓಡಿದ ಒಂದು ರೇಸ್‌ನಲ್ಲಿ (ಹೆಸರು ಬೇಡ) 15 ಕಿ.ಮೀ. ದಾಟುವಾಗ ನೀರು ಖಾಲಿ. ಮೇಜು ಇದೆ, ಲೋಟ ಇದೆ, ನೀರು ಇಲ್ಲ. ಮುಂದೆ ಹೋದವರು ತಲೆ ಮೇಲೆ ಸುರಿದುಕೊಂಡು ಮುಗಿಸಿದ್ದಾರೆ. ಹಿಂದೆ ಬರುವ ನಿಧಾನದವರಿಗೇ ಜಾಸ್ತಿ ಬೇಕಾಗುವುದು, ಅವರಿಗೇ ಇಲ್ಲ. ಅಂಗಡಿಯಲ್ಲಿ ಸೋಡಾ ಕುಡಿದು ಬಂದೆ.

ಹಾಗಾಗಿ ಹೆಸರು ಕೊಡುವ ಮೊದಲು ನಾನು ನೋಡುವುದು ಮೂರೇ. ಕಟ್ ಆಫ್ (ಮುಗಿಸಲು ಕೊಡುವ ಗರಿಷ್ಠ ಸಮಯ) ಎಷ್ಟು, ನೀರು ಎಷ್ಟೆಷ್ಟು ದೂರಕ್ಕೆ, ರಸ್ತೆ ಪೂರ್ತಿ ಬಂದ್ ಮಾಡುತ್ತಾರಾ ಇಲ್ಲವಾ. ಇದು ವೆಬ್‌ಸೈಟಿನಲ್ಲಿ ಸ್ಪಷ್ಟ ಇಲ್ಲದಿದ್ದರೆ ಮೆಡಲ್ ಎಷ್ಟು ದಪ್ಪ ಇದ್ದರೂ ಬೇಡ.

ಕುಕ್ಕರಹಳ್ಳಿ

> ನಾನು ದಿನಾ ಬಿಟ್ಟಿ ಓಡುತ್ತೇನೆ

ನೀವು ಓಡಬಹುದು ಸರ್. ಬೆಳಗ್ಗೆ ಐದಕ್ಕೆ ಕತ್ತಲಲ್ಲಿ ಒಬ್ಬಳೇ ರಸ್ತೆಗೆ ಇಳಿದು ನೋಡಿ, ನನ್ನ ಜಾಗದಲ್ಲಿ. ಕೆರೆ ಗೇಟು ತೆಗೆಯುವ ತನಕ ನಾನು ಮನೆ ಮುಂದಿನ ಇನ್ನೂರು ಮೀಟರ್ ರಸ್ತೆಯಲ್ಲಿ ಆ ಕಡೆ ಈ ಕಡೆ ಓಡುತ್ತೇನೆ, ದೀಪ ಇರುವುದು ಅಲ್ಲಿ ಮಾತ್ರ. ಬೈಕಿನವನು ಸುಮ್ನೆ ನಿಧಾನ ಮಾಡಿದರೂ ಎದೆ ಡವಡವ. ರೇಸ್ ದಿನ ಮಾತ್ರ ಇಡೀ ರಸ್ತೆ ನಮ್ಮದು. ಐದು ಗಂಟೆಗೆ ಸಾವಿರಾರು ಜನ, ಅದರಲ್ಲಿ ನನ್ನಂಥವರು ನೂರಾರು. ಅದಕ್ಕೆ ದುಡ್ಡು ಕೊಡುತ್ತೇನೆ, ಮೆಡಲ್‌ಗಲ್ಲ. ಮೆಡಲ್ ಮಗ ಆಟಕ್ಕೆ ತಗೊಂಡಿದ್ದಾನೆ.

ಸುಮ್ನೆ_ಕೇಳ್ದೆ

ಈ ಕಡೆಯಿಂದ ನಾನು ನೋಡಿರಲಿಲ್ಲ. ಒಪ್ಪಿದೆ ಅಕ್ಕ.

ಮೂಳೆ_ಮಾಂಸ

ಹೆಣ್ಣುಮಕ್ಕಳ ವಿಷಯ ಬಂದಿದ್ದಕ್ಕೆ ಇದನ್ನೂ ಸೇರಿಸುತ್ತೇನೆ. ಸರಿಯಾಗಿ ತಿಂದು, ಸರಿಯಾಗಿ ನಿದ್ದೆ ಮಾಡಿದರೂ ಈಸಿ ರನ್‌ನಲ್ಲೇ ಉಸಿರು ಸಾಲುತ್ತಿಲ್ಲ ಅನ್ನಿಸಿದರೆ ಬರೀ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗಬೇಡಿ, ಫೆರಿಟಿನ್ ಕೂಡ ಮಾಡಿಸಿ. ರಕ್ತ ಸರಿಯಿದ್ದು ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಊಟ ಆದ ತಕ್ಷಣ ಕಾಫಿ-ಟೀ ಕುಡಿಯುವ ಅಭ್ಯಾಸವೂ ಕಬ್ಬಿಣ ಹೀರದಂತೆ ಮಾಡುತ್ತದೆ. ಮುಟ್ಟು ತಪ್ಪುತ್ತಿದ್ದರೆ "ಓಡ್ತೀನಲ್ಲ, ಅದಕ್ಕೇ" ಅಂತ ಬಿಡಬೇಡಿ. ಓಟಕ್ಕೆ ತಕ್ಕಷ್ಟು ತಿನ್ನುತ್ತಿಲ್ಲ ಅಂತ ಅರ್ಥ ಇರಬಹುದು, ಮೂಳೆಗೆ ಅದು ಒಳ್ಳೆಯದಲ್ಲ.

ಅಮಾನಿಕೆರೆ

ತಿನ್ನುವುದರ ಬಗ್ಗೆಯೂ ಕೇಳಬೇಕಿತ್ತು. ನಾನು ಏನೂ ತಿನ್ನದೆ ಓಡುತ್ತೇನೆ. ಲಾಂಗ್ ರನ್‌ಗೆ ಏನು ಮಾಡಬೇಕು? ಮನೆಯಲ್ಲಿ ರಾಗಿ ಮುದ್ದೆಗಿಂತ ಶಕ್ತಿ ಯಾವುದಿದೆ ಅಂತಾರೆ. ರೇಸ್ ಹಿಂದಿನ ರಾತ್ರಿ ಮುದ್ದೆ-ಸೊಪ್ಪಿನ ಸಾರು ನಡೆಯುತ್ತಾ?

ಉಣಕಲ್_ಹುಡುಗ

ಜೋಳದ ರೊಟ್ಟಿ ತಿಂದು ಓಡ್ರಿ.

ಪೇಸರ್_ಅಣ್ಣ

ಮುದ್ದೆಗೆ ನನ್ನ ವಿರೋಧ ಇಲ್ಲ, ನಾನೂ ಮಂಡ್ಯದವನೇ. ಆದರೆ ರೇಸ್ ಹಿಂದಿನ ರಾತ್ರಿ ಬೇಡ. ರಾಗಿ, ಸೊಪ್ಪು, ಕಾಳು, ರೊಟ್ಟಿ, ಇವೆಲ್ಲ ನಾರು ಜಾಸ್ತಿ ಇರುವ ಪದಾರ್ಥ. ಬೆಳಗ್ಗೆ 12ನೇ ಕಿ.ಮೀ.ನಲ್ಲಿ ಶೌಚಾಲಯ ಹುಡುಕುವ ಹಾಗಾಗುತ್ತದೆ. ಅದಕ್ಕಿಂತ ಕಷ್ಟ ಓಟದಲ್ಲಿ ಬೇರೆ ಇಲ್ಲ. ಹಿಂದಿನ ದಿನ ಬಿಳಿ ಅನ್ನ, ಇಡ್ಲಿ, ಸಪ್ಪೆ ಸಾರು, ಮೊಸರನ್ನ. ಮದುವೆ ಮನೆ ಊಟದ ಥರ ಅಲ್ಲ, ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಬೆಳಗ್ಗೆ ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬ್ರೆಡ್ಡು-ಜಾಮು, ಕಾಫಿ ಅಭ್ಯಾಸ ಇದ್ದರೆ ಕಾಫಿ.

ಮುಕ್ಕಾಲು ಗಂಟೆ, ಒಂದು ಗಂಟೆಯ ಓಟಕ್ಕೆ ನಡುವೆ ಏನೂ ಬೇಡ. ಒಂದೂವರೆ ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ) ಬೇಕು. ಓಟಗಾರರು ತಿನ್ನುವ ಒಂದು ಜೆಲ್ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 20-30 ಗ್ರಾಂ. ಎರಡು ಏಲಕ್ಕಿ ಬಾಳೆಹಣ್ಣು ಹೆಚ್ಚುಕಮ್ಮಿ ಅಷ್ಟೇ. ಖರ್ಜೂರ ಬೀಜ ತೆಗೆದು ಇಟ್ಟುಕೊಂಡರೂ ನಡೆಯುತ್ತದೆ. ಚಿಕ್ಕಿ ಮಾತ್ರ ಬೇಡ, ಏದುಸಿರಿನಲ್ಲಿ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಏನೇ ಇರಲಿ, ಲಾಂಗ್ ರನ್‌ನಲ್ಲಿ ತಿಂದು ನೋಡಿದ್ದನ್ನೇ ರೇಸ್‌ನಲ್ಲಿ ತಿನ್ನಿ. ರೇಸ್ ಮುಂಚಿನ ಮೇಳದಲ್ಲಿ (ಎಕ್ಸ್‌ಪೋ) ಬಿಟ್ಟಿ ಕೊಟ್ಟ ಹೊಸ ಜೆಲ್ ಅಲ್ಲೇ ಜೇಬಿನಲ್ಲಿರಲಿ.

ಕಡಲ_ಗಾಳಿ

ಓಆರ್‌ಎಸ್ ಬಗ್ಗೆ ಒಂದು ಮಾತು. ಜನ ಅದನ್ನು ಶಕ್ತಿಯ ಪಾನೀಯ ಅಂದುಕೊಂಡಿದ್ದಾರೆ. ಡಬ್ಲ್ಯುಎಚ್‌ಒ ಸೂತ್ರದ ಪ್ಯಾಕೆಟ್‌ನಲ್ಲಿ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಉಪ್ಪಿಗೆ ಅದು ಚೆನ್ನ, ಹೊಟ್ಟೆಗೆ ಬಾಳೆಹಣ್ಣು ಬೇರೆ ಬೇಕು. ಅಂಗಡಿಯಲ್ಲಿ ಸಿಗುತ್ತಿದ್ದ ಸಿಹಿ ಡಬ್ಬಿಗಳು ಬೇರೆ ಸಂಗತಿ. ಡಬ್ಲ್ಯುಎಚ್‌ಒ ಸೂತ್ರಕ್ಕೆ ಹೊಂದದ ಪಾನೀಯಕ್ಕೆ ಓಆರ್‌ಎಸ್ ಅಂತ ಹೆಸರಿಡಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿಯಾಗಿದೆ. ಪ್ಯಾಕೆಟ್ ಹಿಂದೆ ಓದಿ ತಗೊಳ್ಳಿ.

ಮತ್ತೆ, ಬರೀ ನೀರನ್ನು ಸ್ಟೇಷನ್‌ಗೊಂದು ಬಾಟಲಿ ಕುಡಿಯಬೇಡಿ. ನಾಲ್ಕೈದು ಗಂಟೆ ಓಡುವ ನಿಧಾನದವರಿಗೇ ಈ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆ ಗಿರಕಿ ಹೊಡೆಯುತ್ತದೆ, ಕೈ ಬೆರಳು ಊದಿಕೊಳ್ಳುತ್ತದೆ. ನೋಡುವವರು ನೀರು ಕಮ್ಮಿಯಾಗಿದೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ! ಬಾಯಾರಿದಾಗ ಕುಡಿಯಿರಿ, ಸಾಕು.

ಗಡಿಯಾರ_ಪ್ರೇಮಿ

ಶೂ ಬಗ್ಗೆ ಯಾರೂ ಹೇಳಲಿಲ್ಲ. ಅಟ್ಟೆಯಲ್ಲಿ ಕಾರ್ಬನ್ ಪ್ಲೇಟ್ ಇರುವ ಶೂ ತಗೊಳ್ಳಿ ಸರ್, 64 ನಿಮಿಷ 60 ಆಗುತ್ತದೆ.

ನಿಧಾನವೇ_ಪ್ರಧಾನ

ಹದಿನೈದು-ಇಪ್ಪತ್ತು ಸಾವಿರ ಕೊಟ್ಟು ನಾಲ್ಕು ನಿಮಿಷ? ನಿಧಾನವಾಗಿ ಓಡಿ, ಆರು ತಿಂಗಳಲ್ಲಿ ಪುಕ್ಕಟೆ ಬರುತ್ತದೆ.

ಅಮಾನಿಕೆರೆ ಸರ್, ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಇಲ್ಲದಿದ್ದರೆ ಉಗುರು ಕಪ್ಪಾಗಿ ಬೀಳುತ್ತದೆ. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ, ಯಾರು ನಕ್ಕರೂ ಸರಿ. ಡೆಕಾಥ್ಲಾನ್‌ನ ಮೂರು-ನಾಲ್ಕು ಸಾವಿರದ ಜೋಡಿಯಲ್ಲಿ ಹಾಫ್ ಓಡುವವರು ಬೇಕಾದಷ್ಟು ಜನ ಇದ್ದಾರೆ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ನಿಮ್ಮದು ಎಷ್ಟು ಓಡಿದೆ?

ಅಮಾನಿಕೆರೆ

ಲೆಕ್ಕ ಇಟ್ಟಿಲ್ಲ. ಅಟ್ಟೆಯ ಹಿಮ್ಮಡಿ ಕಡೆ ಗೆರೆಗಳೆಲ್ಲ ಸವೆದು ನುಣುಪಾಗಿದೆ, ಹೊರ ಅಂಚಿನಲ್ಲಿ ಬಿಳಿ ಫೋಮ್ ಕಾಣಿಸುತ್ತಿದೆ.

ನಿಧಾನವೇ_ಪ್ರಧಾನ

ಅದನ್ನು ತರಕಾರಿ ತರಲು ಹಾಕಿಕೊಳ್ಳಿ.

ಜಿಗಣೆ_ಕಡಿತ

ಬರಿಗಾಲಲ್ಲಿ ಓಡಿದರೆ ಈ ರಗಳೆಯೇ ಇಲ್ಲ. ನಟ ಮಿಲಿಂದ್ ಸೋಮನ್ ನೋಡಿ.

ಮೂಳೆ_ಮಾಂಸ

ದಯವಿಟ್ಟು ಬೇಡ. 41 ವರ್ಷ ಚಪ್ಪಲಿ-ಶೂ ಹಾಕಿದ ಕಾಲು, ಅದೂ ಈಗ ನೋವಿರುವ ಕಾಲು. ಹುಲ್ಲಿನ ಮೇಲೆ ಐದು ನಿಮಿಷ ನಡೆದು ಶುರು ಮಾಡುವುದಾದರೆ ಮಾಡಲಿ, ಅದು ವರ್ಷಗಟ್ಟಲೆಯ ಕೆಲಸ.

ಬರ್ಲಿನ್_ಕನ್ನಡಿಗ

ಇಲ್ಲಿಂದ ಒಂದು ಸಾಲು. ಫುಲ್ ಓಡಲೇಬೇಕು, ದುಡ್ಡೂ ಇದೆ ಅಂದರೆ ಒಂದಲ್ಲ ಒಂದು ದಿನ ಬರ್ಲಿನ್‌ಗೆ ಬನ್ನಿ. ಸೆಪ್ಟೆಂಬರ್ ಕೊನೆ, ತಂಪು, ರಸ್ತೆ ಚಪ್ಪಟೆ. ಲಾಟರಿಯಲ್ಲಿ ಹೆಸರು ಬರಬೇಕು ಅಷ್ಟೇ. ಬಂದರೆ ಸಾರು-ಅನ್ನ ನನ್ನ ಲೆಕ್ಕ.

ಉಣಕಲ್_ಹುಡುಗ

ಲಡಾಖ್ ಮ್ಯಾರಥಾನ್ ಯಾರೂ ಹೇಳಲಿಲ್ಲ?

ಪೇಸರ್_ಅಣ್ಣ

ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ವಾರಕ್ಕೂ ಮೊದಲೇ ಹೋಗಿ ಮೈ ಒಗ್ಗಿಸಿಕೊಳ್ಳಬೇಕು. ಬ್ಯಾಂಕಿನವರಿಗೆ ಅಷ್ಟು ರಜೆ ಕೊಡುತ್ತಾರಾ, ಮೊದಲು ಅದನ್ನು ಕೇಳಿ.

ವಿಷಯಕ್ಕೆ ಬರೋಣ. ರೀಗಲ್ ಸೂತ್ರದಲ್ಲಿ (ಒಂದು ದೂರದ ಟೈಮಿಂಗ್‌ನಿಂದ ಇನ್ನೊಂದು ದೂರದ್ದನ್ನು ಅಂದಾಜು ಮಾಡುವುದು) ಲೆಕ್ಕ ಹಾಕಿದರೆ 64 ನಿಮಿಷದ 10ಕೆಗೆ ಹಾಫ್ 2:21, ಫುಲ್ 4:54 ಆಸುಪಾಸು ಬರುತ್ತದೆ. ಇದು ಆ ದೂರಕ್ಕೆ ಪೂರ್ತಿ ತಯಾರಾದವರ ಲೆಕ್ಕ. ವಾರಕ್ಕೆ 30-35 ಕಿ.ಮೀ. ಓಡುವವರಿಗೆ ಹಾಫ್ ಲೆಕ್ಕ ಒಂದಿಷ್ಟು ಕೂಡಿಬರುತ್ತದೆ, ಫುಲ್ ಲೆಕ್ಕ ಸುಳ್ಳಾಗುತ್ತದೆ. 30 ಕಿ.ಮೀ. ಮೇಲೆ ಮನುಷ್ಯ ನಡೆಯುತ್ತಾನೆ. ಹಾಗಾಗಿ ನನ್ನ ಸಲಹೆ: ಮೊದಲ ಹಾಫ್‌ಗೆ 2:30 ಬಸ್ಸು (ಆ ಸಮಯಕ್ಕೆ ಮುಗಿಸುವ ಪೇಸರ್ ಗುಂಪು) ಹತ್ತಿ, ಕಿ.ಮೀ.ಗೆ 7:06. ಪೇಸರ್ ಹಿಂದೆ ನಿಂತು, ಮೊದಲ ಐದು ಕಿ.ಮೀ. ಯಾರು ಮುಂದೆ ಹೋದರೂ ಹೋಗಲಿ ಅಂತ ಬಿಡಿ. 16ರ ಮೇಲೆ ಶಕ್ತಿ ಉಳಿದಿದ್ದರೆ ನಮ್ಮನ್ನು ಬಿಟ್ಟು ಹೋಗಿ, ನಮಗೆ ಅದೇ ಖುಷಿ.

ಬೇಕಿದ್ದರೆ ಓಟ-ನಡಿಗೆ ಮಾಡಿ. ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುವುದು. ಇದನ್ನು ಜನಪ್ರಿಯ ಮಾಡಿದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಆದರೆ ನಡಿಗೆ ಮೊದಲ ಕಿ.ಮೀ.ನಿಂದಲೇ ಇರಬೇಕು. ಸುಸ್ತಾದ ಮೇಲೆ ನಡೆಯುವುದು ಓಟ-ನಡಿಗೆ ಅಲ್ಲ, ಬರೀ ಸುಸ್ತು.

ಉಣಕಲ್_ಹುಡುಗ

ಒಪ್ಪಿದೆ. ಆದರೂ ಮುಂಬೈ ಬಾಗಿಲು ಮುಚ್ಚಬ್ಯಾಡ್ರಿ. ಹಾಫ್ ಆದ ಮೇಲೆ ಕಾಲು ಏನಂತದ ಕೇಳ್ರಿ.

ಅಮಾನಿಕೆರೆ

ಎಲ್ಲರಿಗೂ ಧನ್ಯವಾದ. ಎರಡು ವಾರದ ವರದಿ ಕೊಡುತ್ತೇನೆ. 7:45ಕ್ಕೆ ಓಡುತ್ತಿದ್ದೇನೆ. ಮೊದಮೊದಲು ತುಂಬಾ ಮುಜುಗರ ಆಯ್ತು. ದಂಡೆ ಮೇಲೆ ವಾಕಿಂಗ್ ಬರುವ ಒಬ್ಬ ಆಂಟಿ "ಯಾಕಪ್ಪ, ಮೈ ಹುಷಾರಿಲ್ವಾ?" ಅಂತ ಕೇಳಿದರು. ನೋವು ಅರ್ಧಕ್ಕೆ ಇಳಿದಿದೆ. ಸ್ಟೇಡಿಯಂಗೆ ಹೋಗುತ್ತಿಲ್ಲ. ಭಾನುವಾರ 9 ಕಿ.ಮೀ. ಆಯ್ತು. ಕಾವೇರಿ ಟ್ರೇಲ್ ಹಾಫ್ ಅಂತ ತೀರ್ಮಾನ ಮಾಡಿದ್ದೇನೆ. ಮುಂಬೈ ಬಗ್ಗೆ ಗೆಳೆಯರಿಗೆ "ನೀವು ಮೊದಲು 5ಕೆ ಓಡಿ" ಅಂದಿದ್ದೇನೆ. ಈಗ ಯಾರೂ ಮಾತಾಡುತ್ತಿಲ್ಲ.

ಒಂದೇ ತೊಂದರೆ. ನಿಧಾನ ಓಡಿದರೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ.

ಸುಮ್ನೆ_ಕೇಳ್ದೆ

ಅದೇ ನಿಮ್ಮ ಇಂಟರ್ವಲ್ ಟ್ರೇನಿಂಗ್.

ಕುಕ್ಕರಹಳ್ಳಿ

ಓಡಬೇಡಿ. ನಿಂತುಬಿಡಿ, ಬೆನ್ನು ತೋರಿಸದೆ ನಡೆದು ಆ ಜಾಗ ದಾಟಿ. ಬಗ್ಗಿ ಕಲ್ಲು ಎತ್ತುವ ಹಾಗೆ ಮಾಡಿದರೆ ಮುಕ್ಕಾಲು ಪಾಲು ಹಿಂದೆ ಸರಿಯುತ್ತವೆ, ಹೊಡೆಯುವುದು ಬೇಡ. ಕಚ್ಚಿದರೆ ಅಥವಾ ಪರಚಿದರೆ ಕಾಲು ಗಂಟೆ ಸೋಪು ನೀರಲ್ಲಿ ತೊಳೆದು ಅದೇ ದಿನ ಇಂಜೆಕ್ಷನ್. ಸಣ್ಣ ಗಾಯ ಅಂತ ಬಿಡಬೇಡಿ.

ಜಿಗಣೆ_ಕಡಿತ

ಬಿಸ್ಕೆಟ್ ಹಾಕಿ ದೋಸ್ತಿ ಮಾಡಿಕೊಳ್ಳಿ.

ಕುಕ್ಕರಹಳ್ಳಿ

ಹಾಕಿದರೆ ನಾಳೆಯಿಂದ ಅವೂ 9 ಕಿ.ಮೀ. ಬರುತ್ತವೆ. ನಮ್ಮ ಬೀದಿಯ ಒಂದು ಕಂದು ನಾಯಿ ಹಾಗೇ ಬರುತ್ತದೆ, ನನಗಿಂತ ಒಳ್ಳೆ ಪೇಸ್.

ಪೇಸರ್_ಅಣ್ಣ

ತುಮಕೂರಿನಿಂದ ಹೇಗೆ ಬರುತ್ತೀರಿ? ಹಿಂದಿನ ದಿನವೇ ಬಂದು ಶ್ರೀರಂಗಪಟ್ಟಣದಲ್ಲೋ ಮೈಸೂರಿನಲ್ಲೋ ಉಳಿದುಕೊಳ್ಳಿ. ರಾತ್ರಿ ಗಾಡಿ ಓಡಿಸಿ ಬೆಳಗ್ಗೆ ಓಡುವ ಕೆಲಸ ಬೇಡ.

ಅಮಾನಿಕೆರೆ

ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮೇಲೆ ಬರೋಣ ಅಂತ.

ಸುಮ್ನೆ_ಕೇಳ್ದೆ

ಹಾಗಾದರೆ ವಡೆ!

ಪೇಸರ್_ಅಣ್ಣ

ವಾಪಸ್ ಹೋಗುವಾಗ. ಬರುವಾಗ ಮುಟ್ಟಿದರೆ ನಾನು ಪೇಸ್ ಮಾಡುವುದಿಲ್ಲ.

ಸುಮ್ನೆ_ಕೇಳ್ದೆ

ಸರ್, ಗಾಡಿಯಲ್ಲಿ ಒಂದು ಸೀಟು ಇದೆಯಾ? ಆ ರೇಸ್‌ನಲ್ಲಿ 10 ಕಿ.ಮೀ. ಥರದ್ದು ಏನಾದರೂ ಇದ್ದರೆ ನಾನೂ ಬರುತ್ತೇನೆ. ಪೆಟ್ರೋಲ್ ಅರ್ಧ ನನ್ನದು. ಫೀಸು ಎಷ್ಟು ಅಂತ ಯಾರಾದರೂ ನೋಡಿ ಹೇಳಿ.